ಆಕ್ಷೇಪಣೆ: ನಾಲ್ಕು ತತ್ತಿ

ಬೆಟಗೇರಿ ಕಾಲೇಜಿನ ಜಿಮಖಾನಾದಾಗ
ಹತ್ತೊಂಬತ್ತು ವರ್ಷ ವೋಚರ್ ಬರದಾಂವ ನಾ.
ಹಾಕಿ ಸ್ಟಿಕ್ ಕೈಯಾಗ ಹಿಡದಿಲ್ಲ. ಆದ್ರ
ಒಂದು ಗೋಲಿಗೆ ಎಷ್ಟು ಬಿತ್ತು ಕೇಳ್ರಿ,
ಪೈಸಾದ ತನಕ ಹೇಳತೇನಿ.

ಫೀ ಒಳಗ ತಲಿಗೆ ಎಂಬತ್ತು ರೂಪಾಯಿ ಕ್ರೀಡಾ ನಿಧಿ.
ಆಡದವರ ರೊಕ್ಕದಲೆ ಆಡವ್ರು ಆಡತಾರ.
ಲೈಬ್ರರಿಯಾಗ ಕೂತ ಹುಡುಗಿಗೆ ಇದು ಗೊತ್ತಿಲ್ಲ.

ಗೋಲ್‌ಕೀಪರ್ ಕಿಟ್ ಇದ್ದದ್ದು ಒಂದ.
ಗಂಡುಹುಡುಗರ ಮ್ಯಾಚ್ ಮುಗಿಯೂದಕ್ಕ
ಹಸೀ ಬೆವರಿನ ಹೆಲ್ಮೆಟ್ಟಿನಾಗ
ದಾವಲಬಿ ನದಾಫ ತಲಿ ತೂರಸಾಕಿ,
ಮೂಗಿಗೆ ಅಮೃತಾಂಜನ ಹಚಗೊಂಡು.

ಆಕಿ ತಡದ ಚೆಂಡು ಯಾವ ಕಾಲಮ್ಮಿಗೂ ಬರಲಿಲ್ಲ.
ಗೆದ್ದ ವರ್ಷ ಫ್ಲೆಕ್ಸ್ ಹಾಕಿದ್ರು:
ಪ್ರಿನ್ಸಿಪಾಲರು ದೊಡ್ಡವರು, ಚೇರಮನ್ನರು ಇನ್ನೂ ದೊಡ್ಡವರು,
ಆಡಿದವ್ರೆಲ್ಲಾ ಸೇರಿ ತಳದಾಗ ಒಂದು ಗೆರಿ.
ಮೂರು ಸಾವಿರದ ಆರನೂರು.
ಆ ರೊಕ್ಕದಾಗ ಎರಡು ಸ್ಟಿಕ್ ಬರತಿದ್ವು.
ಬಿಲ್ಲಿಗೆ ಸಹಿ ನಂದ.

ಅದ ವರ್ಷ ಧಾರವಾಡದ ಝೋನಲ್.
ತಲಿಗೆ ಎರಡು ತತ್ತಿ, ಒಂದು ಬಾಳಿಹಣ್ಣು.
ಹದಿನಾರು ಹುಡುಗ್ಯಾರು, ಮೂವತ್ತೆರಡು ತತ್ತಿ.
ಬಿಲ್ಲಿನಾಗ ಮೂವತ್ತಾರು.
ನಾಲ್ಕು, ಹೆಲ್ಮೆಟ್ಟಿನಾಗ ಇದ್ವು.
ತೊಡಿ ಮ್ಯಾಲ ಇಟಗೊಂಡು ಬಸ್ಸಿನಾಗ ಕೂತಿದ್ಲು,
ಪೆನಾಲ್ಟಿ ಸ್ಟ್ರೋಕಿಗೆ ನಿಂತಂಗ, ರೆಪ್ಪಿ ಬಡೀದ.
ಮನ್ಯಾಗ ನಾಲ್ಕು ತಂಗ್ಯಾರು.
ನಾ ಕಿಡಕಿ ಕಡೆ ಮಾರಿ ಮಾಡಿದೆ.

ಎಂಟು ವರ್ಷಕ್ಕ ಆಡಿಟ್ ಕಾಗದ ಬಂತು:
“ಹೆಚ್ಚುವರಿ ಮೊಟ್ಟೆ ೪. ಸಮಜಾಯಿಷಿ ನೀಡತಕ್ಕದ್ದು.”
ಫ್ಲೆಕ್ಸಿಗೆ ಆಕ್ಷೇಪಣೆ ಇರಲಿಲ್ಲ.
ಅದಕ್ಕ ಮೂರು ಕೊಟೇಶನ್ ಇದ್ವು.

ಧಾರವಾಡದ ಆಫೀಸಿಗೆ ಹೊಂಟೆ.
ಗದಗ ಸ್ಟೇಶನ್ನಿನಾಗ ಗದ್ದಲ, ಟಿಕೀಟ ತಗಸಲಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲ ಕರೇ ಕೋಟು ಬಂತು.
ಬಾಗಲದಾಗ ಕಾಲು ಅಗಲಿಸಿ ನಿಂತದ್ದಕ್ಕ ಗುರತು ಹತ್ತಿತು.

“ಕ್ಲರ್ಕ್ ಸರ, ಟಿಕೀಟ?”

ಸ್ಪೋರ್ಟ್ಸ್ ಕೋಟಾದಾಗ ಆತಂತ ನೌಕರಿ.
ಈಗೂ ಆಡ್ತಿಯೇನವಾ, ಅಂದೆ.
ಎಡ ಮೊಣಕಾಲು ತಟ್ಟಿ ತೋರಿಸಿದ್ಲು, ಅಷ್ಟ.
ದಂಡ ಎರಡನೂರಾ ಐವತ್ತು, ಚಾರ್ಜ್ ಬ್ಯಾರೆ.
ಬಿಡಲಿಲ್ಲ. ರಸೀದಿ ಹರದು ಕೊಟ್ಲು.
ಅಕ್ಷರ ದುಂಡಗ ಇದ್ವು.

ನಗಸಾಕಂತ ಆಡಿಟ್ ಕಾಗದ ತೋರಿಸಿದೆ.
ಆಕಿ ನಗಲಿಲ್ಲ. ಎರಡು ಸಲ ಓದಿದ್ಲು.
ಸ್ವಂತ ಪರ್ಸಿನಿಂದ ಇಪ್ಪತ್ತನಾಲ್ಕು ರೂಪಾಯಿ ಎಣಿಸಿ
“ಈಗಿನ ರೇಟ್ ರಿ ಸರ” ಅಂದು
ಮುಂದಿನ ಡಬ್ಬಿಗೆ ಹ್ವಾದ್ಲು.

ಜಮಾ ಮಾಡೂಣಂದ್ರ ಅದಕ್ಕೊಂದು ಶೀರ್ಷಿಕೆ ಇಲ್ಲ.
ಕಡೀಕ ಬರದು ಕೊಟ್ಟೆ:
“ಸದರಿ ಮೊಟ್ಟೆಗಳನ್ನು ಗುಮಾಸ್ತರೇ ಸೇವಿಸಿರುತ್ತಾರೆ.”
ಇಷ್ಟಲಿಂಗ ಕಟಗೊಂಡಾಂವ ನಾ. ಆಫೀಸೆಲ್ಲಾ ನಕ್ಕಿತು.
ಹಳೇ ರೇಟಿನಲೆ ಪಗಾರದಾಗ ಹದಿನಾರು ಕಡದ್ರು.

ಎಂಟು ರೂಪಾಯಿ ಉಳದೈತಿ.
ಹತ್ತೊಂಬತ್ತು ವರ್ಷದಾಗ
ಜಿಮಖಾನಾಕ್ಕ ಬಂದ ಲಾಭ, ಇದೊಂದ.