ನೂರ ಮೂವತ್ತೆಂಟು ಸೆಂಟಿಮೀಟರ್

ಎಸ್ಟೋನಿಯಾದ ದಕ್ಷಿಣಕ್ಕೆ ವೋರು, ಫೆಬ್ರವರಿ,
ಐದನೆಯ ತರಗತಿ. ಕಿಟಕಿಯಾಚೆ ಹಿಮ ಮೊಣಕಾಲುದ್ದ.
ನನ್ನ ಚೀಲದಲ್ಲಿ ಆರು ವರ್ಷದ ದುಡಿಮೆ:
ಹದಿನೇಳು ಪುಟ, ನಾಲ್ಕು ನಕ್ಷೆ, ತೊಂಬತ್ತೊಂದು ಅಡಿಟಿಪ್ಪಣಿ.
ವಿರ್ವೆ ಟೀಚರು ಒಂದೊಂದು ಪ್ರತಿ ಹಂಚಿ
ಕೆಂಪು ಪೆನ್ಸಿಲ್ ಕೊಟ್ಟರು.
"ತಿಳಿಯದ್ದಕ್ಕೆ ಗೆರೆ ಎಳೀರಿ."

ಎಳೆದರು. ಅಬ್ಬಾ, ಎಳೆದೇ ಎಳೆದರು.
ಟಾರ್ಟುವಿನಲ್ಲಿ ಮೂವರು ಪಂಡಿತರು ಓದಿ
ಒಂದು ಅಲ್ಪವಿರಾಮ ಮಾತ್ರ ತಿದ್ದಿದ್ದ ಬರಹ ಅದು.

ಕೊನೆಯ ಬೆಂಚಿನಿಂದ ಉಕು ಓದಿದ, ತಡವರಿಸಿ, ಉಗುಳು ನುಂಗಿ:
"ಜೌಗಿನ ನೂರ ಮೂವತ್ತೆಂಟು ಸೆಂಟಿಮೀಟರ್ ಆಳದಲ್ಲಿ
ಮಾನವಜನ್ಯ ಹಸ್ತಕ್ಷೇಪದ ಪರಾಗಸೂಚಕಗಳು
ಗೋಚರಿಸುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.
ಹಂಗಂದ್ರೆ?"

ಕಬ್ಬಿಣದ ಕಡಲೆ. ಹುರಿದು ಬಡಿಸಿದವಳು ನಾನೇ.
ಹಾಗಂದರೆ, ಯಾರೋ ಮರ ಕಡಿದು ರೈ ಬಿತ್ತಿದರು.
"ಮತ್ತೆ ಅದನ್ನೇ ಯಾಕೆ ಬರೀಲಿಲ್ಲ?"
ಖಚಿತವಾಗಿ ಗೊತ್ತಿಲ್ಲವಲ್ಲ, ಅದಕ್ಕೆ.
"ಹಾಗಾದ್ರೆ ಗೊತ್ತಿಲ್ಲ ಅಂತ ಬರೀರಿ."

ಆ ಪದ ಬರೆಯಲು ನನಗೆ ಯಾರೂ ಕಲಿಸಿರಲಿಲ್ಲ.
ಮುಚ್ಚಿಡುವ ಹನ್ನೆರಡು ಬಗೆ ಕಲಿಸಿದ್ದರು.

ಹೀಯೆ ಎದ್ದು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತಳು.
ಉಕು ಟೇಪು ಹಿಡಿದು ಅಳೆದ.
ನೂರ ಮೂವತ್ತೆಂಟು, ತುರುಬು ಬಿಟ್ಟು.
"ನೆತ್ತಿ ಇವತ್ತು. ಹಿಮ್ಮಡಿ ಸಾವಿರ ವರ್ಷ ಹಿಂದೆ.
ಹೊಕ್ಕುಳಿನ ಹತ್ರ ಯಾವ ರಾಜ ಇದ್ದ?"
ತರಗತಿ ನಕ್ಕಿತು. ನಾನು ಲೆಕ್ಕ ಹಾಕುತ್ತಿದ್ದೆ:
ಭುಜದಲ್ಲೊಂದು ಕಾಡ್ಗಿಚ್ಚು, ಮಸಿಯ ತೆಳು ಗೆರೆ.
ಮೊಣಕಾಲಲ್ಲಿ ಹೊಲ ಮತ್ತೆ ಕಾಡಾಗಿತ್ತು,
ಪ್ಲೇಗೋ ಯುದ್ಧವೋ.
ನಾನು ಕೊರೆದು ತಂದು ಫ್ರಿಜ್ಜಿನಲ್ಲಿ ಇಟ್ಟ ಕೆಸರು
ಹಳದಿ ಸ್ವೆಟರು ತೊಟ್ಟು
ಅಲ್ಲಾಡದೆ ನಿಲ್ಲಲು ಒದ್ದಾಡುತ್ತಿತ್ತು.

ಊಟದ ಬಿಡುವಿನಲ್ಲಿ ಉಕು ಕರಿ ಬ್ರೆಡ್ಡು ಮುರಿದು
ಅರ್ಧ ನನಗೆ ಕೊಟ್ಟ. ರೈ. ಹುಳಿ ಹುಳಿ.
"ಆ ಹಳೇ ಪರಾಗ ಮೂಸಿದ್ರೆ ಈಗ್ಲೂ ಸೀನು ಬರತ್ತಾ?
ನಮ್ಮಮ್ಮಂಗೆ ಜೂನ್ ಪೂರ್ತಿ ಬರತ್ತೆ."
ಬಾಯಿ ತುಂಬ ಬ್ರೆಡ್ಡಿತ್ತು, ಬಚಾವಾದೆ.

ಸಂಜೆಯ ಬಸ್ಸು. ಮಡಿಲಲ್ಲಿ ಇಪ್ಪತ್ತೆರಡು ಪ್ರತಿ,
ಕೈಗೆಲ್ಲ ಕೆಂಪು ಪುಡಿ.
ಒಂದನ್ನು ಮಗುಚಿ ಹಿಂಬದಿಯ ಬಿಳಿಯಲ್ಲಿ,
ಕುಲುಕುವ ಅಕ್ಷರದಲ್ಲಿ ಬರೆದೆ:

ಸಾವಿರ ವರ್ಷದ ಹಿಂದೆ ಇಲ್ಲಿ ಯಾರೋ ರೈ ಬಿತ್ತಿದರು.
ಯಾರೆಂದು ಗೊತ್ತಿಲ್ಲ.
ಜೂನಿನಲ್ಲಿ ಅವರೂ ಸೀನಿರಬೇಕು.
ಇದಕ್ಕೆ ಪುರಾವೆ ಇಲ್ಲ.