ಮಂಗಳವಾರ, ನಾಲ್ಕರಿಂದ ಆರು

ಚಿತ್ರಕಲಾ ಟೀಚರ್ ನಾನು. ಸಾಲಿ ಮುಚ್ಚಿತ್ತು.
ಬೆಟಗೇರಿಯ ವಾರ್ಡ್ ಆಫೀಸಿನ ಮಹಡಿಯೊಳಗ
ಒಂದು ಫೋನು, ಒಂದು ರಿಜಿಸ್ಟರು,
ಹದಿನಾಲ್ಕು ದಿನದ ಹದಿನಾಲ್ಕು ಕಾಲಂ ಕೊಟ್ಟು ಕೂಡಿಸಿದ್ರು.
"ಯಾವ ದಿನ ಎಲ್ಲಿದ್ರಿ? ಯಾರ ಜೋಡಿ? ಎಷ್ಟು ಹೊತ್ತು?"

ಮಂದಿ ಹೇಳತಿದ್ರು.
ರೊಟ್ಟಿ ಬಡಿಯೋದು ಬಿಟ್ಟು, ಕೆಮ್ಮಿಕೊಂತ ಹೇಳತಿದ್ರು,
ಮಿರ್ಚಿ ತಿಂದದ್ದು,
ಬಡ್ಡಿ ಕೊಡಾಕ ಹೋದದ್ದು, ಕೊಡದ ತಿರುಗಿ ಬಂದದ್ದು.
ಮನಿಯವರಿಗೆ ಹೇಳದ್ದನ್ನ
ಮಾರಿ ಕಾಣದ ನನಗ ಹೇಳತಿದ್ರು.

ಯಮನೂರಪ್ಪ ಹಡಪದ ಇಪ್ಪತ್ಮೂರು ಹೆಸರು ಹೇಳಿದ,
ಯಾರದು ಗಡ್ಡ, ಯಾರ ಬಿಳಿಗೂದಲಿಗೆ ಕರಿಬಣ್ಣ, ಅದೂ ಸೈತ.
ಸಂಜಿಗೆ ಆ ಹಾಳಿ ವಾಟ್ಸಾಪಿನೊಳಗ ಬಂತು.
ಯಾರು ಫೋಟೊ ಹೊಡೆದ್ರೋ.
ನನ್ನ ತಮ್ಮ ತೋರಿಸಿದ:
"ಅಕ್ಕಾ, ಅಕ್ಷರ ನೋಡು, ಮುತ್ತು ಪೋಣಿಸಿದಂಗ."
ಯಮನೂರಪ್ಪ ಬದುಕಿ ಬಂದ.
ಅಂಗಡಿ ಬದುಕಲಿಲ್ಲ.

ಆಮ್ಯಾಲೆ ಫಕ್ಕೀರಸಾ ಬಾಕಳೆ.
ಸೋಮವಾರ ಮನಿ. ಬುಧವಾರ ನೂಲಿನ ಅಂಗಡಿ.
"ಮಂಗಳವಾರ?"
"ಮನ್ಯಾಗ."
"ನಾಲ್ಕರ ಮ್ಯಾಲೆ ನೀವು ಇರಲಿಲ್ಲಂತ, ನಿಮ್ಮ ಮಗ ಹೇಳ್ಯಾನ."
ಒಬ್ಬರ ಮಾತು ಇನ್ನೊಬ್ಬರ ಮುಂದ ಇಟ್ಟು ಕೇಳೋದನ್ನ
ಎರಡು ತಾಸಿನ ಟ್ರೇನಿಂಗಿನಾಗ ಕಲಿಸಿದ್ರು.
ಅತ್ತಾಗಿಂದ ಬರೇ ಉಸಿರು.
"ಟೀಚರ್, ಪೆನ್ನು ಕೆಳಗಿಡ್ರಿ. ಆಮ್ಯಾಲೆ ಹೇಳ್ತೀನಿ."
ಇಟ್ಟೆ. ಅವಗ ಕೇಳಲಿ ಅಂತ ಟೇಬಲ್ಲಿಗೆ ಬಡಿದಿಟ್ಟೆ.

"ತಂಗಿ ಅದಾಳ್ರಿ. ಜಾತಿ ಬಿಟ್ಟು ಹೋದಾಕಿ.
ಹತ್ತೊಂಬತ್ತು ವರ್ಷ ಮನ್ಯಾಗ ಆಕಿ ಹೆಸರು ಎತ್ತಿಲ್ಲ,
ಅವ್ವ ಆಣಿ ಹಾಕ್ಯಾಳ.
ಮಂಗಳವಾರ ಮಗ್ಗ ನಿಲ್ಲಿಸೋದು ಅದಕ್ಕ.
ಚಾ ಕುಡಿತೀವಿ. ಅಷ್ಟ."

ಚಾ ಅಂದ್ರ ಮಾಸ್ಕ್ ತಗದು, ಹತ್ರ ಕುಂತು, ಎರಡು ತಾಸು.
ಬರದ್ರ ನಾಳೆ ಆಕಿ ಬಾಗಿಲಿಗೆ ಕೆಂಪು ಚೀಟಿ,
ನನ್ನ ಮುತ್ತಿನಂಥ ಅಕ್ಷರ
ಆ ಮುದುಕಿ ಮೊಮ್ಮಕ್ಕಳ ಮೊಬೈಲಿನೊಳಗ.
ಬರೀದಿದ್ರ,
ಆ ಮುಂದಿನದು ನನಗ ಗೊತ್ತಿತ್ತು.

ಐಡಿ ಕಾರ್ಡು ಪರ್ಸಿನಾಗ ತುರುಕಿ
ಫಾಲ್ ಹಚ್ಚೋ ಸೀರಿ ಒಂದು ಹಿಡಕೊಂಡು
ಸ್ಕೂಟಿ ಮ್ಯಾಲೆ ಮುಳಗುಂದ ನಾಕಾ ದಾಟಿದೆ.
ಆಕಿ ಗೇಣಷ್ಟ ಬಾಗಿಲ ತಗದ್ಲು.
ಸೀರಿ ನೋಡಲಿಲ್ಲ.
"ಅಣ್ಣಗ ಏನಾತ್ರಿ?"

ಮರುದಿನ ತಾನ ನಡಕೊಂಡು ಬಂದು
ಕ್ಯಾಂಪಿನಾಗ ಮೂಗು ಒಡ್ಡಿದ್ಲು.
'ಮೈ ಬಿಸಿ, ಎರಡು ದಿನ. ಸಂಪರ್ಕ ಗೊತ್ತಿಲ್ಲ.'
ಪಾಸಿಟಿವ್ ಬಂತು. ಆರಾಮಾದ್ಲು. ಅಣ್ಣಾನೂ ಆರಾಮಾದ.
ನನ್ನ ರಿಜಿಸ್ಟರಿನಾಗ ಮಂಗಳವಾರ: 'ಮನೆ'.
ಸಾಹೇಬರು ಸಹಿ ಮಾಡಿದ್ರು.

ಇಲ್ಲಿಗೆ ಮುಗಿದಿದ್ರ ಛಲೋ ಇತ್ತು.

ಆ ಮಂಗಳವಾರ, ಅಣ್ಣನ್ನ ಕಳಿಸಿದ ಮೂರನೇ ದಿನಕ್ಕ,
ಆಕಿ ಬ್ಲೌಸು ಕೊಡಾಕ ಟಂಟಂ ಹತ್ತಿದ್ಲಂತ.
ಬಾಜೂಕ ಒಬ್ಬ ಮುದುಕ, ತೊಡಿ ಮ್ಯಾಲೆ ಮೊಮ್ಮಗಳು,
ಇಬ್ಬರೂ ಒಂದ ಪೇರಲಹಣ್ಣು ಕಚ್ಚಿ ತಿನ್ನಾಕತ್ತಿದ್ರಂತ.
ಕೂಸು ಆಕಿಗೂ ಒಂದು ತುಣುಕು ಚಾಚಿತಂತ.
ಟಂಟಂನವನ ನಂಬರ್ ಹುಡುಕಬೇಕಿತ್ತು.
ಯಾವ ಕಾಲಂ ಕೆಳಗ ಹುಡುಕಲಿ,
ಗೆರಿ ಅಳಿಸಿದಾಕಿ ನಾನ.

ಈಗ ಸಾಲಿ ಚಾಲೂ ಐತಿ.
ಐದನೇತ್ತಾ ಹುಡುಗರಿಗೆ ಒಮ್ಮೊಮ್ಮೆ ಹೇಳ್ತೀನಿ:
ಒಬ್ಬ ಮುದುಕನ್ನ ತಗೀರಿ, ಮೊಮ್ಮಗಳನ್ನ, ಒಂದು ಪೇರಲಹಣ್ಣನ್ನ.
ಮೂವತ್ತೆಂಟು ಮುದುಕರು ಬರ್ತಾರ, ಮೂವತ್ತೆಂಟು ಮಾರಿ.
ಒಂದೊಂದನ್ನೂ ಬೆಳಕಿಗೆ ಹಿಡದು ನೋಡ್ತೀನಿ.
"ಟೀಚರ್, ಕೆಳಗ ಹೆಸರು ಬರೀಲ್ಯಾ?"
ಬರಿ. ಹಿಂದಿನ ಮಗ್ಗಲಕ್ಕ ಬರಿ,
ಸಣ್ಣಗ.