ಕಡಲೆ ಬೇಯುವ ನೀರು

ಮಂಗಳವಾರ ನನ್ನ ಪಾಲಿಗೆ ಎಂಟು ನಲ್ಲಿ.
ಕೋಟೆ ಪಕ್ಕದ ಶಾಲೆಯಿಂದ ಶುರು,
ಹೊಳೆದಂಡೆಯ ಕಸಾಯಿಖಾನೆಗೆ ಮುಗಿತಾಯ.
ಐದನೆಯದು ಚರ್ಮ ಹದಮಾಡುವವರ ಬೀದಿ
(ಈಗ ಅಲ್ಲಿ ಚರ್ಮವೂ ಇಲ್ಲ, ಹದವೂ ಇಲ್ಲ),
ಒಬ್ದೂಲಿಯಾಳ ಅಡಿಗೆಮನೆ.

ಅರಗೋನ್ ಸೀಮೆಯ ಈ ಸಣ್ಣ ಊರಿಗೆ ಎರಡು ನೀರು.
ಮೇಲೂರಿಗೆ ಪಿರೆನೀಸಿನ ಹಿಮ ಕರಗಿದ್ದು,
ಕೆಳಕೇರಿಗೆ ಹಳೆ ಬಾವಿಯದು,
ಸುಣ್ಣಕಲ್ಲಿನ ಹೊಟ್ಟೆಯಲ್ಲಿ
ಎಷ್ಟು ಕಾಲ ಕೂತೆದ್ದು ಬಂದದ್ದೋ.
ಒಂದು ಕಣ್ಣಿಗೆ ಬೆಣ್ಣೆ ಅನ್ನುತ್ತಾರಲ್ಲ,
ಇನ್ನೊಂದಕ್ಕೆ ಇಲ್ಲಿ
ನಿಜಕ್ಕೂ ಅದೇ.

ನನ್ನ ಕೆಲಸ ಸರಳ. ಗಾಜಿನ ನೀರಿಗೆ ಚಿಟಿಕೆ ಪುಡಿ,
ನೀರು ದ್ರಾಕ್ಷಾರಸದ ಬಣ್ಣಕ್ಕೆ ತಿರುಗುತ್ತದೆ.
ಮೇಲಿನಿಂದ ಹನಿ, ಹನಿ, ಇನ್ನೊಂದು ಹನಿ,
ತಟ್ಟನೆ ನೀಲಿ.
ಎಷ್ಟು ಹನಿ ನುಂಗಿತೋ ಅಷ್ಟು ಗಡಸು.
ಶಾಲೆಯಲ್ಲಿ ಒಂಬತ್ತು ಡಿಗ್ರಿ, ಇವಳಲ್ಲಿ ನಲವತ್ತೇಳು,
ಅದೂ ಫ್ರೆಂಚ್ ಡಿಗ್ರಿ.
"ನಮ್ಮ ನೀರು ಅಳೆಯಲಿಕ್ಕೂ ಫ್ರಾನ್ಸಿನವರು ಬೇಕೇ?"
ಪ್ರತಿ ವಾರ ಕೇಳುತ್ತಾಳೆ.
ಪ್ರತಿ ವಾರ ನಗುತ್ತೇನೆ, ಕೈ ಅಲುಗದ ಹಾಗೆ.

ಅವಳ ದೂರು ಒಂದೇ: ಕಡಲೆ.
ಹಿಂದಿನ ರಾತ್ರಿ ನೆನೆಹಾಕಿ, ಸೋಡಾ ಬೆರೆಸಿ,
ನಾಲ್ಕು ತಾಸು ಕುದಿಸಿದರೂ
ಹಲ್ಲಿಗೆ ಸಿಕ್ಕರೆ ಗೋಲಿ.
ಮೇಲೂರಿನ ಅತ್ತಿಗೆ ಪಾಲ್ಮಿರಾಳ ಮನೆಯಲ್ಲಿ
ಒಂದೂವರೆ ತಾಸಿಗೆ ಬೆಣ್ಣೆಯಂತೆ.
"ನಲವತ್ತು ವರ್ಷದಿಂದ ಆ ಮನೆಯೆದುರು
ನನ್ನ ಬೇಳೆ ಬೇಯಲಿಲ್ಲ," ಎಂದು
ಮುನ್ನೂರ ಹನ್ನೆರಡು ಸಹಿ ಕೂಡಿಸಿದಳು.
ಕೆಲವು ಸಹಿಗಳ ಕೈಬರಹ ಒಂದೇ ಥರ ಇತ್ತು.
ನಾನೂ ಹಾಕಿದೆ, ಕೆಳಗೆ, ಸಣ್ಣದಾಗಿ.

ಮಾರ್ಚಿಯಲ್ಲಿ ಹಿಮದ ನೀರು ಕೆಳಗಿಳಿಯಿತು.
ಕಡಲೆ ಬೆಂದಿತು. ಬಟ್ಟಲಲ್ಲಿ ಕೊಟ್ಟಳು,
ಪಾಲಕ್ ಹಾಕಿ, ಜೀರಿಗೆ ಹಾಕಿ,
ನಾನು ತಿನ್ನುವುದನ್ನು ನಿಂತು ನೋಡಿದಳು.
ಹತ್ತೇ ದಿನಕ್ಕೆ ಹೊಸ ತಕರಾರು:
"ಸೋಪು ಬಿಡುವುದೇ ಇಲ್ಲ, ಮಾರಾಯಾ.
ಎಷ್ಟು ತೊಳೆದರೂ ಜಾರುತ್ತದೆ,
ಬೇರೆ ಯಾರದೋ ಕೈ ತೊಳೆದ ಹಾಗೆ."

ಏಪ್ರಿಲಿನಲ್ಲಿ ಅವಳ ಬಾಟಲಿ ದೊಡ್ಡ ಲ್ಯಾಬಿಗೆ ಹೋಗಿತ್ತು.
ಫಲಿತಾಂಶದ ಹಾಳೆ ಎರಡು ಸಲ ಓದಿದೆ.
ಸೀಸ, ಇಪ್ಪತ್ತಾರು.
ಹತ್ತು ದಾಟಿದರೆ ಕೆಂಪು ಗೆರೆ.

ಅವಳ ಅಜ್ಜ ಹಾಕಿಸಿದ ಕೊಳವೆ ಸೀಸದ್ದು.
ಅದು ಯಾರಿಗೂ ನೆನಪಿರಲಿಲ್ಲ,
ನೆನಪಿಟ್ಟದ್ದು ಸುಣ್ಣ ಒಂದೇ.
ವರ್ಷಕ್ಕೊಂದು ಕೈ ಗಾರೆ ಮೆತ್ತಿ
ನೀರಿಗೂ ಲೋಹಕ್ಕೂ ನಡುವೆ
ಗೋಡೆ ಎಬ್ಬಿಸಿಕೊಂಡಿತ್ತು.
ನಾವು ಕೇಳಿ ತರಿಸಿಕೊಂಡ ನೀರು
ಮೆದುವಾಗಿ ಬಂದು,
ಮೆದುವಾಗಿಯೇ ನೆಕ್ಕಿ ತೆಗೆಯಿತು.

ಪ್ಲಂಬರ್ ಸಾಟುರ್ನಿನೋ ನೆಲ ಅಗೆದು
ಗೇಣುದ್ದ ಕತ್ತರಿಸಿ ಮೇಜಿನ ಮೇಲಿಟ್ಟ.
ಹೊರಗೆ ಬೂದು, ಒಳಗೆ ಬಿಳಿ ಸುತ್ತು, ಸುತ್ತು,
ಅಲ್ಲಲ್ಲಿ ಹರಿದ ಅಂಗಿಯಂತೆ ಬೂದು ಇಣುಕು.
ಒಬ್ದೂಲಿಯಾ ಕನ್ನಡಕ ಏರಿಸಿ
ಒಂದು ಕಣ್ಣು ಮುಚ್ಚಿ ಅದರೊಳಗಿಂದ ನನ್ನನ್ನು ನೋಡಿದಳು.
"ಇಷ್ಟು ಕಿರಿದಾಗಿತ್ತೇ?
ನಾನು ಬೈದದ್ದೆಲ್ಲ ಇಲ್ಲೇ ಇದೆಯಲ್ಲ."

ಕೊಳವೆ ಬದಲಾಗಲು ಸೆಪ್ಟೆಂಬರ್ ಆಗಬಹುದು ಎಂದೆ.
ಅಲ್ಲಿಯವರೆಗೆ ಕುಡಿಯಬಾರದು, ಕಡಲೆ ಬೇಯಿಸಬಾರದು ಎಂದೆ.
ಹಳೆ ನೀರನ್ನೇ ವಾಪಸು ಕೊಡು ಎಂದಳು.
ನನ್ನ ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಅವಳು ಮಾತಾಡಲಿಲ್ಲ.
ತುಂಡನ್ನು ಕಿಟಕಿಯ ಮೇಲಿಟ್ಟು
ಎರಡು ಕಡ್ಡಿ ರೋಸ್‌ಮರಿ ಸಿಕ್ಕಿಸಿದಳು.
"ಅದನ್ನು ಮುಟ್ಟಿದ ಕೈ ತೊಳೆದುಕೊಳ್ಳಿ," ಅಂದೆ.
"ಯಾವ ನೀರಿನಲ್ಲಿ?"

ನಲ್ಲಿ ತಿರುಗಿಸಿದೆ.
ನಿಂತ ನೀರು ಮೊದಲು ಹರಿದುಹೋಗಬೇಕು, ಎರಡು ನಿಮಿಷ.
ಇಬ್ಬರೂ ಗಡಿಯಾರ ನೋಡುತ್ತ ನಿಂತೆವು.